ಸಂಪಾಜೆಯ ಮಣ್ಣನ್ನು ಕಡಲಲ್ಲಿ ನೋಡಿದ ದಿನ

ಕಾವೇರಿ ಪೂರ್ವಕ್ಕೆ ಹರಿಯುತ್ತಾಳೆ. ಹಾಗಾಗಿ ಕೊಡಗಿನ ಮಳೆನೀರೆಲ್ಲ ಬಂಗಾಳ ಕೊಲ್ಲಿಗೇ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ಸಂಪಾಜೆಯ ಪಯಸ್ವಿನಿ ಹೊಳೆ ಹಾಗಲ್ಲ. ಸುಳ್ಯ ದಾಟಿ, ಕೇರಳದಲ್ಲಿ ಚಂದ್ರಗಿರಿ ಅನ್ನಿಸಿಕೊಂಡು, ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಹೊಳೆ ಕೆಂಪಾಗಿ ಹರಿದಿತ್ತು. ಆ ಮಣ್ಣು ಎಲ್ಲಿಗೆ ಹೋಯಿತು ಅಂತ ಕೇಳುವ ಸ್ಥಿತಿಯಲ್ಲಿ ಆಗ ಯಾರೂ ಇರಲಿಲ್ಲ.

ಮೊನ್ನೆ ರಜೆಗೆ ಬಂದ ಅಣ್ಣನ ಮಗಳು ಅದನ್ನು ಕೇಳಿದಳು. ಅವಳು ಓದುತ್ತಿರುವುದು ರಿಮೋಟ್ ಸೆನ್ಸಿಂಗ್, ಅಂದರೆ ಉಪಗ್ರಹದಂಥವುಗಳಿಂದ ನೆಲ, ನೀರನ್ನು ದೂರದಿಂದಲೇ ಅಳೆಯುವ ವಿದ್ಯೆ. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ತೆರೆದಳು. ಯುರೋಪಿನ ಉಪಗ್ರಹ, ಆದರೆ ಚಿತ್ರ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. 10 ಮೀಟರ್ ಜಾಗ ಒಂದು ಚುಕ್ಕೆಯಾಗಿ ಕಾಣುತ್ತದೆ.

ಮಳೆಗಾಲದ ಚಿತ್ರಗಳು ಬರೀ ಬಿಳಿ.

"ಮೋಡ, ಚಿಕ್ಕಪ್ಪ. ಹೊಳೆ ಮಣ್ಣು ಜಾಸ್ತಿ ತರುವ ಹೊತ್ತಿಗೇ ಇದಕ್ಕೆ ಏನೂ ಕಾಣಲ್ಲ. ರೇಡಾರ್ ಉಪಗ್ರಹ ಮೋಡ ದಾಟಿ ನೋಡುತ್ತೆ, ಆದರೆ ಅದಕ್ಕೆ ನೀರಿನ ಬಣ್ಣ ತಿಳಿಯಲ್ಲ."

ಕೊನೆಗೆ ಮೋಡ ಹರಿದಿದ್ದ ಒಂದು ದಿನದ ಚಿತ್ರ ಸಿಕ್ಕಿತು. ಅಳಿವೆಯ ಬಾಯಿಂದ ಕಂದು ಪಟ್ಟೆಯೊಂದು ಹಸಿರು ನೀರಿನೊಳಗೆ ಚಾಚಿಕೊಂಡು, ದಡದ ಉದ್ದಕ್ಕೆ ಬಾಗಿತ್ತು. ನನಗೆ ಮಾತೇ ಹೊರಡಲಿಲ್ಲ. ಅದರಲ್ಲಿ ನಮ್ಮ ಗುಡ್ಡದ ಮಣ್ಣೂ ಇದೆ ಅಲ್ವಾ?

ಅವಳು ಹೇಳಿದ್ದರಲ್ಲಿ ಮನಸ್ಸಿಗೆ ನಾಟಿದ್ದು ಇದು. ನೀರಿನಲ್ಲಿ ಸಣ್ಣ ಪಾಚಿ ಜಾಸ್ತಿ ಇದ್ದರೆ ಅದು ನೀಲಿ ಬೆಳಕನ್ನು ಹೀರುತ್ತದೆ. ಎಷ್ಟು ಹೀರಿತು ಅಂತ ಉಪಗ್ರಹ ಅಳೆದು ಪಾಚಿಯ ಲೆಕ್ಕ ಕೊಡುತ್ತದೆ. ಇಸ್ರೋ 2022ರ ನವೆಂಬರ್‌ನಲ್ಲಿ ಹಾರಿಸಿದ ಓಷನ್‌ಸ್ಯಾಟ್-3 ಉಪಗ್ರಹ ಕಡಲಿನ ಬಣ್ಣವನ್ನು ಬೆಳಕಿನ 13 ಪಟ್ಟಿಗಳಲ್ಲಿ ಅಳೆಯುತ್ತದೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪಾಚಿಯ ಲೆಕ್ಕವನ್ನೂ ನೀರಿನ ಬಿಸಿಯನ್ನೂ ನೋಡಿ, ಮೀನು ಎಲ್ಲಿ ಸಿಗಬಹುದು ಅಂತ ಮೀನುಗಾರರಿಗೆ ತಿಳಿಸುತ್ತದೆ. ನಡುಗಡಲಲ್ಲಿ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ದಡದ ಹತ್ತಿರ ಕಷ್ಟ. ಕಾಡಿನ ಕೊಳೆತ ಎಲೆಯ ರಸ ಇಳಿದ ಹೊಳೆನೀರು ಕಷಾಯದ ಹಾಗೆ, ಅದೂ ನೀಲಿಯನ್ನೇ ಹೀರುತ್ತದೆ. ಮಣ್ಣೂ ಬೆರೆತರೆ ಲೆಕ್ಕ ಪಾಚಿಯನ್ನು ಇರುವುದಕ್ಕಿಂತ ಹೆಚ್ಚು ತೋರಿಸಿಬಿಡುತ್ತದೆ. ಆ ಮಣ್ಣು, ಆ ರಸ ಬರುವುದು ನಮ್ಮಂಥ ಬೆಟ್ಟದ ಊರುಗಳಿಂದ. ಕರಾವಳಿಯನ್ನು ಮೇಲಿನಿಂದ ಸರಿಯಾಗಿ ಓದಬೇಕಾದರೆ ಘಟ್ಟದ ನೀರನ್ನೂ ಅಳೆಯಲೇಬೇಕು ಅಂತ ನನಗೆ ಖಚಿತವಾಯಿತು.

ಮಳೆ ಬಿಟ್ಟ ಮೇಲೆ ಅವಳು ಕಾಸರಗೋಡಿನಿಂದ ದೋಣಿಯಲ್ಲಿ ಹೋಗಿ, ಉಪಗ್ರಹದ ಲೆಕ್ಕದ ಜೊತೆ ಹೋಲಿಸಲು ನೀರು ತುಂಬಿಸಿಕೊಳ್ಳುತ್ತಾಳಂತೆ. ಬೆಳಿಗ್ಗೆ ಹನ್ನೊಂದರ ಆಸುಪಾಸಿಗೆ ಸೆಂಟಿನೆಲ್ ಹಾಯುತ್ತದೆ, ಆ ಹೊತ್ತಿಗೇ ತೆಗೆಯಬೇಕು. ಸಂಪಾಜೆ ಸೇತುವೆ ಕೆಳಗಿನ ನೀರು ನನ್ನ ಪಾಲಿಗೆ. ಅದು ಮುಂಚೆಯೇ ಬೇಕು, ಹೊಳೆ ಅಲ್ಲಿಗೆ ಇಳಿಯಲು ಹೊತ್ತು ಹಿಡಿಯುತ್ತದಲ್ಲ. ತೊಳೆದಿಟ್ಟ ಬಾಟಲಿಗಳನ್ನು ಕೊಟ್ಟು ಹೋಗಿದ್ದಾಳೆ.