ಬೆನ್ನ ಹಿಂದಿನ ಬಾಗಿಲು

ಕಳೆದ ಭಾನುವಾರ ನನ್ನ ಸೋದರತ್ತೆ ಒಂದು ಗೋಡೆಯನ್ನು ಹನ್ನೊಂದು ಸಲ ತಟ್ಟಿದರು. ಹನ್ನೊಂದು ಸಲವೂ ಪರದೆಯೊಳಗಿನ ಸೈನಿಕ "ಹ್ಞೂಂ" ಎಂದು ನರಳಿದ. ಡೂಮ್ ಎಂಬ ಹಳೆಯ ವಿಡಿಯೋ ಗೇಮ್‌ಗೆ ನಾಲ್ಕು ತಿಂಗಳು ನಿದ್ದೆಗೆಟ್ಟು ನಾನು ಕಟ್ಟಿದ ಲೆವೆಲ್‌ನ, ಅಂದರೆ ಆಟದ ಒಂದು ಹಂತದ, ಮೊದಲ ಕೋಣೆಯಲ್ಲಿ, ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡದೆ, ಆಟ ಶುರುವಾದ ಕೂಡಲೇ ಹಿಂದಿರುಗಿ, ಬೆನ್ನ ಹಿಂದಿದ್ದ ಬಾಗಿಲಿನೆದುರು ಅವರು ನಿಂತುಬಿಟ್ಟಿದ್ದರು.

"ಇವನಿಗೆ ನೋವಾಗ್ತಿದೆಯಾ?" ಎಂದು ಕೇಳಿದರು.

"ಇಲ್ಲ ಅತ್ತೆ, ಆ ಬಾಗಿಲು ತೆರೆಯುವುದಿಲ್ಲ ಅಂತ ಹೇಳ್ತಿದ್ದಾನೆ."

"ತೆರೆಯದ ಮೇಲೆ ಬಾಗಿಲು ಯಾಕಿಟ್ಟೆ?"

"ನೀವು ಅದರಿಂದಲೇ ಒಳಗೆ ಬಂದಿದ್ದೀರಿ. ಬಂದ ಮೇಲೆ ಮುಚ್ಚಿಕೊಂಡಿದೆ."

"ನಾನೆಲ್ಲಿ ಬಂದೆ? ನೀನು ತಂದು ನಿಲ್ಲಿಸಿದೆ."

ಈ ಕೊನೆಯ ಮಾತು ವಾರವಿಡೀ ನನ್ನ ತಲೆಯೊಳಗೆ ಸುತ್ತುತ್ತಿದೆ. ಅತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು, ಕ್ಯಾಲ್ಕ್ಯುಲೇಟರ್ ಕೊಟ್ಟ ಉತ್ತರವನ್ನೂ ಕಾಗದದ ಮೇಲೆ ತಾಳೆ ನೋಡದೆ ಒಪ್ಪುವವರಲ್ಲ. ವಿಡಿಯೋ ಗೇಮ್ ಆಡಿದ್ದು ಅದೇ ಮೊದಲು. ರಾತ್ರಿಯೆಲ್ಲ ನಾನು ಏನು ಮಾಡುತ್ತೇನೆಂದು ನೋಡುವ ಕುತೂಹಲಕ್ಕೆ ಕುಳಿತಿದ್ದರು ಅಷ್ಟೆ. ಅವರಿಗಿಂತ ಮೊದಲು ಇದೇ ಲೆವೆಲ್ ಆಡಿದ ಗೆಳೆಯ ಎರಡು ನಿಮಿಷ ನಲವತ್ತು ಸೆಕೆಂಡಿನಲ್ಲಿ ಓಡಿ ಮುಗಿಸಿ "ಸೂಪರ್" ಎಂದಿದ್ದ. ಒಳ್ಳೆಯವನೇ, ಆದರೆ ಕಂಡದ್ದಕ್ಕೆಲ್ಲ ಅದೊಂದೇ ಮಾತು ಹೇಳುವವನ ಹೊಗಳಿಕೆಯಿಂದ ಲೆವೆಲ್ ಕಟ್ಟುವವನಿಗೆ ದಕ್ಕುವುದೇನೂ ಇಲ್ಲ. ಬೆನ್ನ ಹಿಂದೆ ಬಾಗಿಲಿತ್ತೆಂಬುದನ್ನೇ ಅವನು ನೋಡಿರಲಿಲ್ಲ.

ನೋಡದಿರುವುದು ಅವನ ತಪ್ಪೂ ಅಲ್ಲ. ಡೂಮ್ ಬಂದದ್ದು 1993ರ ಡಿಸೆಂಬರ್‌ನಲ್ಲಿ. ಲೆವೆಲ್‌ಗಳ ಮಾಹಿತಿಯನ್ನು ಎಂಜಿನ್‌ನಿಂದ, ಅಂದರೆ ಆಟವನ್ನು ನಡೆಸುವ ತಂತ್ರಾಂಶದಿಂದ, ಬೇರ್ಪಡಿಸಿ ವ್ಯಾಡ್ ಎಂಬ ಕಡತದಲ್ಲಿ ಇಟ್ಟಿದ್ದರಿಂದ, ಮರುವರ್ಷವೇ ಆಟಗಾರರು ಲೆವೆಲ್ ಕಟ್ಟುವ ತಂತ್ರಾಂಶವಾದ ಎಡಿಟರ್ ಅನ್ನು ತಾವೇ ಬರೆದುಕೊಂಡು ಹೊಸ ಲೆವೆಲ್ ಕಟ್ಟತೊಡಗಿದರು. 1997ರ ಡಿಸೆಂಬರ್‌ನಲ್ಲಿ ಎಂಜಿನ್‌ನ ಮೂಲ ಕೋಡ್ ಕೂಡ ಸಾರ್ವಜನಿಕರ ಕೈಸೇರಿತು. ಅಲ್ಲಿಂದ ಇಲ್ಲಿಯವರೆಗೆ ಕಟ್ಟುವವರಿಗೂ ಆಡುವವರಿಗೂ ನಡುವೆ ಬಾಯಿಬಿಟ್ಟು ಹೇಳದ ಅನೇಕ ಒಪ್ಪಂದಗಳು ಬೆಳೆದಿವೆ. ಗೋಡೆಯ ಚಿತ್ರ ಒಂದೆಡೆ ತುಸು ಸರಿದು ಕೂತಿದ್ದರೆ ಅಲ್ಲೊಂದು ಗುಪ್ತ ಕೋಣೆಯಿದೆ, ಪೀಪಾಯಿಗೆ ಗುಂಡು ಹೊಡೆದರೆ ಸಿಡಿಯುತ್ತದೆ, ಬಯಲಾದ ಅಂಗಳದಲ್ಲಿ ಒಂದೇ ಕಡೆ ಮದ್ದುಗುಂಡು ರಾಶಿ ಬಿದ್ದಿದ್ದರೆ ಮುಂದೆ ಏನೋ ಕಾದಿದೆ. ಆರಂಭದಲ್ಲಿ ಬೆನ್ನ ಹಿಂದಿರುವ ಬಾಗಿಲು ಬಾಗಿಲಲ್ಲ, 'ನೀನು ಎಲ್ಲಿಂದಲೋ ಬಂದೆ' ಎಂಬ ಕಥೆಯ ಮೊದಲ ಸಾಲು ಎಂಬುದೂ ಅಂಥದೇ ಒಂದು ಒಪ್ಪಂದ. ನಾವು ಹವ್ಯಾಸಿಗಳು ಒಬ್ಬರಿಗೊಬ್ಬರು ಕಟ್ಟಿಕೊಳ್ಳುತ್ತ ಬಂದಿರುವುದರಿಂದ ಈ ಸಾಲನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಅತ್ತೆಗೆ ಆ ಒಪ್ಪಂದ ಗೊತ್ತಿರಲಿಲ್ಲ. ಗೊತ್ತಿದ್ದರೂ ಸಹಿ ಹಾಕುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಬಾಗಿಲನ್ನು ಕೈಬಿಟ್ಟು ಅಂತೂ ಮುಂದಕ್ಕೆ ಹೊರಟವರು ಎರಡನೇ ಕೋಣೆಯಲ್ಲಿ ತಲೆಯೆತ್ತಿ ನೋಡಲು ಪ್ರಯತ್ನಿಸಿದರು. ಹಳೆಯ ಡೂಮ್‌ನಲ್ಲಿ ತಲೆಯೆತ್ತಲು ಬರುವುದಿಲ್ಲ. "ಇದಕ್ಕೆ ಮಹಡಿ ಇಲ್ವಾ?" ಎಂದರು. ಈ ಎಂಜಿನ್‌ನಲ್ಲಿ ನಕ್ಷೆಯ ಪ್ರತಿಯೊಂದು ಜಾಗಕ್ಕೂ ಒಂದೇ ನೆಲ, ಒಂದೇ ಚಾವಣಿ ಇರುತ್ತವೆ, ಕೋಣೆಯ ಮೇಲೆ ಕೋಣೆ ಕಟ್ಟಲು ಬರುವುದಿಲ್ಲ ಎಂದು ನಾನು ತೊದಲುತ್ತ ವಿವರಿಸತೊಡಗಿದೆ. "ಅಂದರೆ ಒಂದು ಬಿಂದುವಿಗೆ ಒಂದೇ ಎತ್ತರ. ಫಂಕ್ಷನ್ ಅಂತ ಹೇಳು" ಎಂದು ಮಾತನ್ನು ಅಲ್ಲಿಗೆ ಮುಗಿಸಿದರು. ಇಷ್ಟು ವರ್ಷಗಳಿಂದ ನಾನು ಗೆಳೆಯರಿಗೆ ಚಿತ್ರ ಬರೆದು ತೋರಿಸಿ ತಿಳಿಸಲು ಒದ್ದಾಡಿದ್ದನ್ನು ಅವರು ಒಂದು ಪದದಲ್ಲಿ ಹೇಳಿಬಿಟ್ಟಾಗ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಅಷ್ಟರಲ್ಲಿ ಇಂಪ್ ಎಂಬ ರಾಕ್ಷಸ ಎಸೆದ ಬೆಂಕಿಯುಂಡೆಗಳಿಗೆ ಸಿಕ್ಕಿ ಸೈನಿಕ ಸತ್ತ. ನಾನು ಹೆಮ್ಮೆಪಟ್ಟುಕೊಂಡಿದ್ದ ಸುರುಳಿ ಮೆಟ್ಟಿಲನ್ನು ಅವರು ನೋಡಲೇ ಇಲ್ಲ.

ಅತ್ತೆ ಎದ್ದುಹೋದ ಮೇಲೆ ಎಡಿಟರ್ ತೆರೆದು ಆ ಗೋಡೆಯನ್ನೇ ನೋಡುತ್ತ ಕುಳಿತೆ. ಡೂಮ್‌ನಲ್ಲಿ ನಿಜವಾದ ಬಾಗಿಲೆಂದರೆ ಚಾವಣಿಯನ್ನು ನೆಲ ಮುಟ್ಟುವವರೆಗೆ ಇಳಿಸಿದ ಒಂದು ಪುಟ್ಟ ಸೆಕ್ಟರ್, ಅಂದರೆ ನಕ್ಷೆಯಲ್ಲಿ ಗೆರೆಗಳಿಂದ ಸುತ್ತುವರಿದ ಒಂದು ಜಾಗ. ತೆರೆಯುವುದೆಂದರೆ ಆ ಚಾವಣಿ ಮೇಲೇರುವುದು. ನನ್ನದು ಅದೂ ಅಲ್ಲ, ಒಂದೇ ಒಂದು ಗೆರೆಗೆ ಅಂಟಿಸಿದ ಬಾಗಿಲಿನ ಚಿತ್ರ. ಅದರಾಚೆ ಕತ್ತಲೆಯೂ ಇಲ್ಲ, ಏಕೆಂದರೆ ಕತ್ತಲೆಗೂ ಈ ಆಟದಲ್ಲಿ ಒಂದು ಸೆಕ್ಟರ್ ಬೇಕು, 0ಯಿಂದ 255ರೊಳಗೆ ಬೆಳಕಿನ ಒಂದು ಅಂಕಿ ಬೇಕು.

ಆಟದ ಮೊಟ್ಟಮೊದಲ ಲೆವೆಲ್ ಅನ್ನು ಡೂಮ್ ರೂಪಿಸಿದವರಲ್ಲೊಬ್ಬನಾದ ಜಾನ್ ರೊಮೆರೊ ಕಟ್ಟಿದ್ದು. ಅದರ ಮೊದಲ ಕೋಣೆಯ ಕಿಟಕಿಯಾಚೆ ಒಂದು ಅಂಗಳವೂ ಅಲ್ಲೊಂದು ನೀಲಿ ಕವಚವೂ ಕಾಣುತ್ತವೆ. ತಲುಪಲಾಗದ ಅಲಂಕಾರ ಎಂದುಕೊಂಡು ಮುಂದೆ ಹೋದವನಿಗೆ ಬಹಳ ಹೊತ್ತಿನ ಮೇಲೆ ಒಂದು ಗುಪ್ತ ದಾರಿ ಸಿಕ್ಕಿ, ಅದು ಅದೇ ಅಂಗಳಕ್ಕೆ ಕರೆದೊಯ್ಯುತ್ತದೆ. ಆಟಗಾರನಿಗೆ ಹೊರಾಂಗಣ ಕಂಡರೆ ಆತ ಹೇಗಾದರೂ ಅಲ್ಲಿಗೆ ಹೋಗುವಂತಿರಬೇಕು ಎಂಬುದು ರೊಮೆರೊ ಇಟ್ಟುಕೊಂಡ ನಿಯಮಗಳಲ್ಲೊಂದು. ಇದನ್ನು ನಾನು ಎಷ್ಟೋ ಜನರಿಗೆ ಉಪದೇಶ ಮಾಡಿದ್ದೇನೆ, ನನ್ನ ಲೆವೆಲ್‌ನ ಕಿಟಕಿಗಳೆಲ್ಲ ಅದನ್ನು ಪಾಲಿಸುತ್ತವೆ. ಕಿಟಕಿಯ ವಿಷಯದಲ್ಲಿ ಇಷ್ಟು ನಿಷ್ಠನಾದವನು ಬಾಗಿಲಿನ ವಿಷಯದಲ್ಲಿ ಹೇಗೆ ಸುಳ್ಳು ಹೇಳಿದೆನೆಂಬುದು ನನಗೇ ಬಗೆಹರಿಯಲಿಲ್ಲ. ಕಿಟಕಿ ಆಟಗಾರನಿಗೋಸ್ಕರ ಇಟ್ಟದ್ದು, ಬಾಗಿಲು ನನ್ನ ಕಥೆಗೋಸ್ಕರ ಇಟ್ಟದ್ದು ಎಂಬುದೇ ಕಾರಣವಿರಬೇಕು. "ನಾನೆಲ್ಲಿ ಬಂದೆ? ನೀನು ತಂದು ನಿಲ್ಲಿಸಿದೆ." ಆ ಬಾಗಿಲಿನಿಂದ ಬಂದವನು ನನ್ನ ಕಲ್ಪನೆಯ ಸೈನಿಕ, ಕೀಲಿಮಣೆಯ ಮುಂದೆ ಕುಳಿತಿದ್ದವರು ಬೇರೆ.

ಬಾಗಿಲಿನ ಚಿತ್ರ ಅಳಿಸಿ ಬರೀ ಗೋಡೆ ಮಾಡುವುದು ಅರ್ಧ ನಿಮಿಷದ ಕೆಲಸ. ಮಾಡಿದೆ. ಆಗ ನಾಲ್ಕು ಗೋಡೆಗಳ ನಡುವೆ ಸೈನಿಕ ಮೊಳಕೆಯೊಡೆದಂತೆ ಕಂಡ, ಮತ್ತೆ ಹಾಕಿದೆ. ಹಾಗಾದರೆ ತೆರೆಯಲೇಬೇಕು. ತೆರೆದರೆ ಆಚೆ ಏನಿರಬೇಕು? ಬಂದೂಕನ್ನೋ ಕವಚವನ್ನೋ ಇಟ್ಟರೆ, ಹಿಂದೆ ತಿರುಗಿದವನಿಗೆ ಬಹುಮಾನವಿದೆ ಎಂಬ ಪಾಠವಾಗುತ್ತದೆ, ಆಮೇಲೆ ಆತ ಪ್ರತಿ ಕೋಣೆಯಲ್ಲೂ ಗೋಡೆ ತಟ್ಟುತ್ತ ಸುತ್ತುತ್ತಾನೆ. ಇಂಪ್ ಒಂದನ್ನು ಕೂರಿಸಿದರೆ ಕೇಳಿದ್ದಕ್ಕೆ ಹೊಡೆದಂತೆ. ಅತ್ತೆಯ ಮುಖ ನೆನಪಾಗಿ ಆ ಯೋಚನೆಯನ್ನು ಬಿಟ್ಟೆ. ಖಾಲಿ ಬಿಟ್ಟರೆ ಸುಳ್ಳನ್ನು ಎರಡು ಹೆಜ್ಜೆ ಆಚೆಗೆ ತಳ್ಳಿದಂತಾಯಿತು ಅಷ್ಟೆ. ಕೊನೆಗೆ ಒಂದು ಸಣ್ಣ ಓಣಿ, ಅದರ ತುದಿಗೆ ಆಕಾಶ ಮತ್ತು ದೂರದ ಬೆಟ್ಟ ಕಾಣುವ ಒಂದು ಕಟ್ಟೆ ಮಾಡಿ, ಕಟ್ಟೆಯ ಮೇಲೆ ಒಂದೇ ಒಂದು ನೀಲಿ ಬಾಟಲಿ ಇಟ್ಟೆ. ಅದರಿಂದ ಆರೋಗ್ಯ ಹೆಚ್ಚುವುದು ಶೇಕಡಾ 1 ಮಾತ್ರ, ಲಂಚವೆನ್ನಿಸಿಕೊಳ್ಳುವಷ್ಟಲ್ಲ. ಬೆಟ್ಟಕ್ಕೆ ಹೋಗುವಂತಿಲ್ಲವಲ್ಲ ಎಂದು ರೊಮೆರೊನ ನಿಯಮ ಚುಚ್ಚಿತು. ಬೆಟ್ಟ ಆಕಾಶದ ಚಿತ್ರದಲ್ಲೇ ಸೇರಿಕೊಂಡಿದೆ, ಆಕಾಶಕ್ಕೆ ನಿಯಮವಿಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಇಷ್ಟಕ್ಕೆ ಮೂರು ರಾತ್ರಿ ಹಿಡಿಯಿತು. ಮೊದಲ ರಾತ್ರಿ ಓಣಿಯ ಒಂದು ಗೋಡೆಗೆ ಟೆಕ್ಸ್ಚರ್, ಅಂದರೆ ಮೇಲೆ ಅಂಟಿಸುವ ಚಿತ್ರ, ಹಚ್ಚಲು ಮರೆತು, ಅಲ್ಲಿ ಪರದೆ ಅಳಿಯದೆ ಹಿಂದಿನ ದೃಶ್ಯಗಳೆಲ್ಲ ಒಂದರ ಮೇಲೊಂದು ಬಳಿದುಕೊಂಡವು. ಎರಡನೇ ರಾತ್ರಿ ಕಟ್ಟೆಯನ್ನು ಆಟದ ಅಳತೆಯಲ್ಲಿ 32ರಷ್ಟು ಎತ್ತರಿಸಿದ್ದರಿಂದ ಸೈನಿಕ ಹತ್ತಲಾಗದೆ ನಿಂತ, ಅವನ ಕಾಲು ಏರುವುದು 24ರವರೆಗೆ ಮಾತ್ರ. ನಾಲ್ಕು ತಿಂಗಳಲ್ಲಿ ಇಡೀ ಲೆವೆಲ್‌ನಲ್ಲಿ ಮಾಡದ ತಪ್ಪುಗಳನ್ನು ಈ ಗೇಣುದ್ದದ ಓಣಿಯಲ್ಲಿ ಮಾಡಿದೆ.

ನಿನ್ನೆ ಅತ್ತೆಯನ್ನು ಮತ್ತೆ ಕೂರಿಸಿದೆ. ಏನನ್ನೂ ಹೇಳಲಿಲ್ಲ. ಆಟ ಶುರುವಾಯಿತು, ಅವರು ಹಿಂದಿರುಗಿದರು, ಬಾಗಿಲು ತಟ್ಟಿದರು. ನರಳಾಟವಿಲ್ಲದೆ ಬಾಗಿಲು ಮೇಲೇರಿತು. ಓಣಿ, ಅದರಾಚೆ ಬೆಟ್ಟ, ಕಟ್ಟೆಯ ಮೇಲೆ ನೀಲಿ ಬಾಟಲಿ, ಎಲ್ಲವೂ ನಾನು ಅಂದುಕೊಂಡ ಹಾಗೆಯೇ ಕಾಣುತ್ತಿದ್ದವು. ಅತ್ತೆ ಹೊಸ್ತಿಲ ಈಚೆಯೇ ನಿಂತು ನೋಡಿದರು.

"ಹಾಂ, ತೆರೆಯುತ್ತೆ" ಎಂದರು. ತಿರುಗಿ ಮುಂದಿನ ಕೋಣೆಯ ಕಡೆಗೆ ನಡೆದರು.

ಈ ಆಟದ ಬಾಗಿಲುಗಳು ನಾಲ್ಕು ಸೆಕೆಂಡಿಗೂ ತುಸು ಹೆಚ್ಚು ಹೊತ್ತು ತೆರೆದಿರುತ್ತವೆ, ಆಮೇಲೆ ತಾವಾಗಿಯೇ ಇಳಿಯುತ್ತವೆ. ಅವರ ಬೆನ್ನ ಹಿಂದೆ ಅದು ಮುಚ್ಚಿಕೊಂಡ ಸದ್ದು ನನಗೆ ಕೇಳಿಸಿತು.