ಬಾಗಿಲ ಬಳಿಯ ಕಾಗದದ ಪಟ್ಟಿ

ಕಳೆದ ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಕಳಿಸಿದ ನಮ್ಮ ಆಂಥೂರಿಯಂ ಹೂವುಗಳಲ್ಲಿ ಮೂರನೆಯ ಒಂದು ಪಾಲು ತಿಪ್ಪೆ ಸೇರಿತು. ವ್ಯಾಪಾರಿ ಕಳಿಸಿದ ಫೋಟೊ ನೋಡಿ ಹೊಟ್ಟೆ ಉರಿಯಿತು. ಕೆಲವು ಪೆಟ್ಟಿಗೆಗಳಲ್ಲಿ ಕೆಂಪು ಹೂ ನೇರಳೆಗೆ ತಿರುಗಿ ಅಂಚು ಕಪ್ಪಾಗಿತ್ತು. ಅದು ಚಳಿಯ ಪೆಟ್ಟು. ಇನ್ನು ಕೆಲವು ಸೆಕೆಗೆ ಬಾಡಿದ್ದವು. ಒಂದೇ ಗಾಡಿ, ಒಂದೇ ರಾತ್ರಿ! ಗಾಡಿಯ ಶೀತಯಂತ್ರದ ಫಲಕದಲ್ಲಿ 15 ಡಿಗ್ರಿ ಬೆಳಗಿನವರೆಗೂ ಕದಲಲಿಲ್ಲ ಎಂದು ಚಾಲಕ ಹೇಳಿದ. ಅವನು ಸುಳ್ಳು ಹೇಳುವವನಲ್ಲ.

ಮುಂದಿನ ಸಲ ತುಂಬುವಾಗ ನಾನೇ ನಿಂತೆ. ಶೀತಯಂತ್ರ ಗಾಡಿಯ ಮುಂಭಾಗದಲ್ಲಿದೆ. ಅದು ಊದುವ ಗಾಳಿ ಚಾವಣಿಯ ಕೆಳಗೆ ಬಾಗಿಲಿನವರೆಗೆ ಹೋಗಿ, ಇಳಿದು, ಪೆಟ್ಟಿಗೆಗಳ ಅಡಿಯಿಂದ ಯಂತ್ರಕ್ಕೆ ಮರಳಬೇಕು. ಫಲಕ ತೋರಿಸುವುದು ಹಾಗೆ ಮರಳಿದ ಗಾಳಿಯ ತಾಪಮಾನವನ್ನು. ನಾವು ಚಾವಣಿ ಮುಟ್ಟುವಂತೆ ಒಟ್ಟಿದ್ದೆವು, ಅಡಿಯಲ್ಲಿ ಸಂದೇ ಇರಲಿಲ್ಲ. ಕೊರೆಯುವ ಗಾಳಿ ಮೊದಲ ಸಾಲಿಗೆ ಬಡಿದು ಅಲ್ಲಿಂದಲೇ ಹಿಂದಿರುಗುತ್ತಿತ್ತು. ಆಂಥೂರಿಯಂ ಉಷ್ಣವಲಯದ ಹೂ, 12 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಬಹಳ ಹೊತ್ತು ತಾಳುವುದಿಲ್ಲ.

ಅನುಮಾನ ಪರಿಹಾರಕ್ಕೆ ಹಳೆಯ ಪತ್ರಿಕೆಯಿಂದ ಎರಡು ಬೆರಳಗಲದ ಪಟ್ಟಿ ಹರಿದು, ಬಾಗಿಲ ಹತ್ತಿರ ಚಾವಣಿಗೆ ಅಂಟಿಸಿದೆ. ಮೊಬೈಲಿನಲ್ಲಿ ವಿಡಿಯೊ ರೆಕಾರ್ಡಿಂಗ್ ಹಾಕಿ, ಬೆಳಕು ಉರಿಸಿ, ಒಳಗಿಟ್ಟು ಬಾಗಿಲು ಮುಚ್ಚಿದೆವು. ಹತ್ತು ನಿಮಿಷದ ನಂತರ ನೋಡಿದರೆ ಪಟ್ಟಿ ಗೋಡೆಯ ಮೊಳೆಗೆ ನೇತುಹಾಕಿದ ಕ್ಯಾಲೆಂಡರಿನಂತೆ ಸುಮ್ಮನೆ ತೂಗುಬಿದ್ದಿತ್ತು.

ಎಲ್ಲ ಇಳಿಸಿದೆವು. ತೋಟದಿಂದ ಅಡಿಕೆ ಮರ ಸೀಳಿದ ದಬ್ಬೆ ತಂದು, ಗಾಡಿಯ ಉದ್ದಕ್ಕೆ ಸಾಲಾಗಿ ಹಾಸಿ, ಅದರ ಮೇಲೆ ಪೆಟ್ಟಿಗೆ ಜೋಡಿಸಿದೆವು. ದಬ್ಬೆಯನ್ನು ಅಡ್ಡ ಹಾಸಿದ್ದರೆ ಅದೇ ಗಾಳಿಗೆ ಒಡ್ಡಾಗುತ್ತಿತ್ತು. ಮೇಲೆ ಒಂದು ಗೇಣು, ಬಾಗಿಲ ಬಳಿ ನಾಲ್ಕು ಬೆರಳು ಜಾಗ ಬಿಟ್ಟೆವು. ಹೂಗಳನ್ನು ಬೆಳಗಿನ ಜಾವವೇ ಕೊಯ್ದು ತಂಪು ಕೋಣೆಯಲ್ಲಿಟ್ಟಿದ್ದೆವು, ಏಕೆಂದರೆ ಗಾಡಿಯ ಯಂತ್ರ ಇರುವ ತಂಪನ್ನು ಕಾಯಬಲ್ಲದೇ ಹೊರತು ಬಿಸಿ ಸರಕನ್ನು ತಣಿಸುವ ಶಕ್ತಿ ಅದಕ್ಕಿಲ್ಲ.

“ಹನ್ನೆರಡು ಪೆಟ್ಟಿಗೆ ಉಳಿಯಿತಲ್ಲ ಅಕ್ಕಾ, ಬಾಡಿಗೆ ಅಷ್ಟೇ ಕೊಡಬೇಕು” ಎಂದು ಚಾಲಕ ಪೇಚಾಡಿದ. ಉಳಿಯಲಿ ಎಂದೆ. ಈ ಬಾರಿಯ ವಿಡಿಯೊದಲ್ಲಿ ಪಟ್ಟಿ ಪಟಪಟನೆ ಬಡಿದುಕೊಳ್ಳುತ್ತಿತ್ತು. ಅವನು ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದ.

ಬೆಳಿಗ್ಗೆ ಬೆಂಗಳೂರಿನಿಂದ ಅವನ ಫೋನ್ ಬಂತು. ಮುಂದಿನ ಸಾಲಿನಲ್ಲಿಟ್ಟ ತಾಪಮಾಪಕದಲ್ಲಿ 14, ಹಿಂದಿನ ಸಾಲಿನದರಲ್ಲಿ 16. “ಆ ಕಾಗದ ಕೀಳಲಿಲ್ಲ ಅಕ್ಕಾ, ಅಲ್ಲೇ ಇರಲಿ ಎಂದು ಬಿಟ್ಟಿದ್ದೇನೆ” ಎಂದ.