ಮೂವತ್ತು ವರ್ಷ ದಾಟಿದ ಆ ಪಿಯಾನೋ

ಇವತ್ತು ಪಾತ್ರೆ ತೊಳೆಯುವಾಗ ರ್‍ಯಾಪ್ ಜೋಡಿ ಮಾಬ್ ಡೀಪ್‌ನ ‘ದಿ ಇನ್‌ಫೇಮಸ್’ ಹಾಕಿಕೊಂಡೆ.
‘ಶೂಕ್ ಒನ್ಸ್ ಪಾರ್ಟ್ 2’ ಶುರುವಾಯಿತು. ನಲ್ಲಿ ನಿಲ್ಲಿಸಿ ಕೇಳುತ್ತಾ ನಿಂತೆ.

1995ರ ಆಲ್ಬಮ್ ಇದು. ನ್ಯೂಯಾರ್ಕಿನ ಹುಡುಗರು, ಹ್ಯಾವಕ್ ಮತ್ತು ಪ್ರಾಡಿಜಿ. ಇಬ್ಬರಿಗೂ ಆಗಿನ್ನೂ ಇಪ್ಪತ್ತು!

ಆ ಹಾಡಿನ ಪಿಯಾನೋ ಇದೆಯಲ್ಲ, ಅದು ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ‘ಜೆಸಿಕಾ’ದಿಂದ ಬಂದದ್ದು. ಮೂಲ ಕೇಳಿದರೆ ಎಷ್ಟು ಮೆತ್ತಗಿದೆ ಅಂತೀರಿ! ಹ್ಯಾವಕ್ ಅದನ್ನು ಕತ್ತರಿಸಿ, ಶ್ರುತಿ ಬದಲಿಸಿ ಕೂರಿಸಿದ ರೀತಿಗೆ ಗುರುತೇ ಸಿಗದಂತಾಯಿತು. ಮೂಲ ಹುಡುಕುವವರಿಗೆ ಅದು ಸಿಕ್ಕಿದ್ದು 2011ರಲ್ಲಿ. ಅಷ್ಟು ವರ್ಷ ಜನ ಹುಡುಕುತ್ತಲೇ ಇದ್ದರು ಅನ್ನೋದೇ ನನಗೆ ತುಂಬಾ ಇಷ್ಟ.

ಹಾಡಿನ ತುಂಬಾ ಬೆದರಿಕೆ. ಅಂಜುವವರನ್ನು ಹಂಗಿಸುವ ಮಾತು. ಆದರೆ ಆ ಪಿಯಾನೋ ಕೇಳಿ, ಅದರಲ್ಲಿರೋದು ಬರೀ ಭಯ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್‌ನ ಸರ್ಕಾರಿ ವಸತಿ ಕಟ್ಟಡಗಳ ನಡುವೆ ರಾತ್ರಿ ಹೊರಗೆ ನಿಂತ ಹುಡುಗರ ಭಯ. ಬಾಯಿ ಒಂದು ಹೇಳುತ್ತೆ, ಸಂಗೀತ ಇನ್ನೊಂದು. ಅದಕ್ಕೇ ಇದು ಹಳೆಯದಾಗಿಲ್ಲ ಅನ್ಸುತ್ತೆ. ಬರೀ ಜಂಬದ ರ್‍ಯಾಪ್ ಆಗಿದ್ದರೆ ಯಾವಾಗಲೋ ಬೇಜಾರಾಗಿರುತ್ತಿತ್ತು, ಅಲ್ವಾ?

ಪ್ರಾಡಿಜಿಗೆ ಹುಟ್ಟಿನಿಂದಲೇ ಸಿಕಲ್ ಸೆಲ್ ಕಾಯಿಲೆ ಇತ್ತು. ವಿಪರೀತ ನೋವು ಕೊಡುವ ರಕ್ತದ ಕಾಯಿಲೆ. 2017ರಲ್ಲಿ, 42ನೇ ವಯಸ್ಸಿಗೆ ಹೋಗಿಬಿಟ್ಟರು. ಇದು ಗೊತ್ತಾದ ಮೇಲೆ ಆ ದನಿ ನನಗೆ ಬೇರೆ ಥರಾನೇ ಕೇಳಿಸುತ್ತೆ. ಕೂಗೋದೇ ಇಲ್ಲ, ಗಮನಿಸಿ.

ಬಿಡುವಾದಾಗ ಮೊದಲು ‘ಜೆಸಿಕಾ’ ಕೇಳಿ, ಆಮೇಲೆ ಇದನ್ನು. ಏನನ್ನಿಸಿತು ಅಂತ ಹೇಳಿ.